ಹೋಟೆಲಿಗೆ ಒಗ್ಗುವ ಜಾದೂ

ಅಪರಿಚಿತರ ಜೊತೆ ಮಾತಾಡುವುದು ನನಗೆ ಕಷ್ಟ. ಅದಕ್ಕೇ ಜಾದೂ ಕಲಿತೆ. ಊರು ಯಾವುದು, ಮದುವೆ ಆಯ್ತಾ ಎಂದು ಕೇಳಲು ಬಾಯಿ ತೆರೆದವರೂ ಎದುರಿದ್ದ ಚಮಚ ಮಾಯವಾದರೆ ಚಮಚದ ಬಗ್ಗೆಯೇ ಕೇಳುತ್ತಾರೆ. ವಾರವಿಡೀ ವನಗೂರಿನ ಎಸ್ಟೇಟ್ ಆಫೀಸಿನಲ್ಲಿ ತಲೆ ತಗ್ಗಿಸಿ ಕೂರುವ ನಾನು, ಭಾನುವಾರ ಮಧ್ಯಾಹ್ನ ಮಾರನಹಳ್ಳಿಯ ಹೆದ್ದಾರಿ ಹೋಟೆಲೊಂದರಲ್ಲಿ ಊಟಕ್ಕೆ ಕಾಯುವವರ ಮೇಜಿನ ಬಳಿ ನಿಂತು ಜಾದೂ ಮಾಡುತ್ತೇನೆ. ಜನರೊಂದಿಗೆ ನಾನು ನಗುವುದು ಆ ಎರಡು ಗಂಟೆ ಮಾತ್ರ.

ಹೋಟೆಲಿನ ಜಾದೂಗೆ ಪುಸ್ತಕಗಳು ಹೇಳುವ ನಿಯಮ ಸರಳ: ಸಾಮಾನು ಕಡಿಮೆ ಇರಬೇಕು, ಊಟ ಆರುವ ಮೊದಲು ಮುಗಿಯಬೇಕು. ಆದರೆ ಆ ಪುಸ್ತಕ ಬರೆದವರು ನಮ್ಮ ಕಡೆಯ ಮೇಜುಗಳನ್ನು ಕಂಡವರಲ್ಲ. ಇಸ್ಪೀಟಿನ ಕಟ್ಟು ತೆಗೆದ ದಿನ ಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಬಂದು, "ಎಷ್ಟರ ಆಟ ಕಣಮ್ಮ?" ಎಂದರು. ಕರವಸ್ತ್ರದಿಂದ ಮೊಟ್ಟೆ ತೆಗೆದಾಗ ಒಂದು ಕುಟುಂಬ ಮೇಜನ್ನೇ ಬದಲಿಸಿತು. ಕೊನೆಗೆ ತುಂಬ ಯೋಚಿಸಿ, ಯಾರಿಗೂ ಬೇಸರ ತರದ ವಸ್ತುವೊಂದನ್ನು ಆರಿಸಿಕೊಂಡೆ. ನಿಂಬೆಹಣ್ಣು! ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಎಂಥ ವಿವೇಕ ಕೊಡುತ್ತದೆ ನೋಡಿ.

ಈ ಜಾದೂವಿನಲ್ಲಿ ನೋಡುವವರು ಚೀಟಿಯ ಮೇಲೆ ಒಂದು ಹೆಸರು ಬರೆಯಬೇಕು. ಚೀಟಿ ಮಾಯವಾಗುತ್ತದೆ, ನಿಂಬೆಹಣ್ಣು ಕುಯ್ದರೆ ಒಳಗೆ ಸಿಗುತ್ತದೆ. ಅದನ್ನು ಮೊದಲು ಮಾಡಿದ ಭಾನುವಾರ ಮಗ್ಗೆ ಊರಿನ ಅಜ್ಜಿಯೊಬ್ಬರು ಮಗ ಸೊಸೆಯೊಂದಿಗೆ ಘಟ್ಟದ ಕೆಳಗೆ, ದಿನ ತುಂಬಿದ ಮಗಳ ಮನೆಗೆ ಹೊರಟಿದ್ದರು. ಸೊಸೆ ಚೀಟಿಯಲ್ಲಿ ಆ ನಾದಿನಿಯ ಹೆಸರನ್ನೇ ಬರೆದಳು. ನಾನು ನಿಂಬೆಹಣ್ಣು ಕುಯ್ದು, ಹೆಸರನ್ನು ಗಟ್ಟಿಯಾಗಿ ಓದಿದೆ.

ಅಜ್ಜಿ ಎದ್ದು ನಿಂತರು. "ಬಸುರಿ ಹೆಣ್ಣಿನ ಹೆಸರು ನಿಂಬೆಹಣ್ಣಿನೊಳಗೆ! ಯಾರು ಕಲ್ಸಿದ್ರು ನಿಂಗಿದ?" ಮೂವರೂ ಊಟ ಬಿಟ್ಟು ಹೋದರು.

ಹೋಟೆಲಿನ ಒಡತಿ ಸೆಲಿನಕ್ಕ ಮಂಗಳೂರು ಕಡೆಯವರು. ಸಿಟ್ಟನ್ನೂ ಮೆತ್ತಗೆ ಹೇಳುತ್ತಾರೆ. "ಇನ್ನೊಮ್ಮೆ ಯಾರಾದರೂ ಹೀಗೆ ಎದ್ದು ಹೋದರೆ ಜಾದೂ ನಿಲ್ಲಿಸುವ ಮಾರಾಯ್ತಿ."

ಮಾಟ ಮಂತ್ರದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಆ ವಾರವೆಲ್ಲ, ಕಾಣದ ಆ ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ದಿನಕ್ಕೆ ನಾಲ್ಕು ಬಾರಿ ಅಂದುಕೊಂಡೆ.

ಮುಂದಿನ ಭಾನುವಾರಕ್ಕೆ ಬಾಳೆಹಣ್ಣನ್ನು ಆರಿಸಿದೆ. ಸಿಪ್ಪೆ ಸುಲಿಯದೆ, ಗಾಳಿಯಲ್ಲಿ ಕೈ ಬೀಸಿ ಒಳಗಿನ ಹಣ್ಣನ್ನು ತುಂಡು ಮಾಡುವ ಜಾದೂ. ಹೇಗೆ ಎಂದು ಹೇಳುವಂತಿಲ್ಲ. ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಮೂಟೆ ಹೊಲಿಯುವ ದಬ್ಬಳಕ್ಕೆ ಅದರಲ್ಲೊಂದು ಪಾತ್ರವಿದೆ ಎಂದಷ್ಟೇ ಹೇಳಬಲ್ಲೆ. ಮೊದಲ ಮೇಜಿಗೆ ಹೋದರೆ, ಮಗ ಸೊಸೆಯೊಂದಿಗೆ ಊರಿಗೆ ಮರಳುತ್ತಿದ್ದ ಅದೇ ಅಜ್ಜಿ! ಮಗಳು ಹೇಗಿದ್ದಾಳೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

"ಹೆಣ್ಣು ಮಗ. ಇಬ್ರೂ ಚೆನ್ನಾಗವ್ರೆ," ಎಂದು ಅವರೇ ಹೇಳಿ, "ಇವತ್ತೇನವ್ವ ಕುಯ್ತೀಯ?" ಎಂದರು.

ಬೆರಳುದ್ದದ ಬಾಳೆಹಣ್ಣನ್ನು ಅವರ ಕೈಗಿಟ್ಟೆ. ಸೆಲಿನಕ್ಕ ಗಲ್ಲಾದಿಂದಲೇ ನೋಡುತ್ತಿದ್ದರು. ಆಗಲೇ ಗಮನಿಸಿದ್ದು: ಬೆಳಗ್ಗೆ ಚುಚ್ಚಿದ ಜಾಗಗಳೆಲ್ಲ ಕಪ್ಪಾಗಿ, ಹಣ್ಣಿನ ಉದ್ದಕ್ಕೂ ಸಾಲಾಗಿ ಚುಕ್ಕೆ ಎದ್ದಿದ್ದವು. ಅಜ್ಜಿ ಹಣ್ಣನ್ನು ತಿರುಗಿಸಿ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಚುಕ್ಕೆಗಳು ಮುಚ್ಚುವಂತೆ ಹೆಬ್ಬೆರಳನ್ನು ಉದ್ದಕ್ಕೆ ಒತ್ತಿ ಹಿಡಿದರು. ನಾನು ಕೈ ಬೀಸಿದೆ. ಅವರೇ ಸುಲಿದರು.

"ಅಯ್ಯೋ ಶಿವನೇ, ತುಂಡಾಗ್ಬುಟ್ಟೈತಲ್ಲೋ!"

"ನಮ್ಮವ್ವನೇ ಬೆರಗಾಗ್ಬುಟ್ಳು ಕಣ್ರೀ," ಎಂದು ಮಗ ಹೋಟೆಲಿಗೆಲ್ಲ ಕೇಳುವಂತೆ ನಕ್ಕ. ಸೆಲಿನಕ್ಕ ಮತ್ತೆ ಬಿಲ್ಲಿನ ಕಡೆ ತಿರುಗಿದರು.

ಹೊರಡುವಾಗ ಅಜ್ಜಿ ನನ್ನ ಕಿವಿಯ ಬಳಿ ಬಗ್ಗಿದರು. "ಮೂಟೆ ಹೊಲ್ದು ಹೊಲ್ದೇ ಮುದುಕಿಯಾದೋಳು ನಾನು. ದಬ್ಬಳ ಬ್ಯಾಡ ಕಣವ್ವ, ಬಟ್ಟೆ ಹೊಲಿಯೋ ಸೂಜಿ ತಗೋ."

ಈಗ ಸಣ್ಣ ಸೂಜಿಯನ್ನೇ ಬಳಸುತ್ತೇನೆ, ಮೇಜಿಗೆ ಹೋಗುವ ತುಸು ಮುಂಚೆಯಷ್ಟೇ ಚುಚ್ಚುತ್ತೇನೆ. ಆದರೆ ಸಾಮಾನಿಲ್ಲದೆ, ಊಟ ಆರುವ ಮೊದಲೇ ಮುಗಿದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದ ಜಾದೂ ಯಾವುದೆಂದು ಯಾರಾದರೂ ಕೇಳಿದರೆ, ನನಗೆ ನೆನಪಾಗುವುದು ಆ ಹೆಬ್ಬೆರಳು.