ಹಸಿ ಗೋಡೆಗೆ ನಾನು ಹೇಳಿದ ಬಣ್ಣ

ನಮ್ಮ ಬೆಟಗೇರಿ ಮನೆಯ ಪಡಸಾಲೆಯ ಗೋಡೆಗೆ ಎರಡು ಬಣ್ಣದ ಪಟ್ಟಿ ಬಳಿದು ಹನ್ನೆರಡು ದಿನ ಆಗಿತ್ತು. ಒಂದು ಗೋಧಿ ಹಿಟ್ಟಿನ ಬಣ್ಣ. ಇನ್ನೊಂದೂ ಗೋಧಿ ಹಿಟ್ಟಿನದೇ, ಸ್ವಲ್ಪ ತೌಡು ಉಳಿದ ಹಿಟ್ಟು ಅನ್ನಬಹುದು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಎರಡಕ್ಕೂ ಇಂಗ್ಲಿಷ್ ಹೆಸರುಗಳಿದ್ದವು. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು, ಅದರ ಗೊಡವೆಗೆ ಹೋಗಲಿಲ್ಲ.

ಮಂಚ, ಕಪಾಟು, ಟಿವಿ, ಜೋಳದ ಚೀಲ ಎಲ್ಲ ನಡುಮನೆಗೆ ಬಂದು ಕೂತಿದ್ದವು. ಮೇಲೆ ಹಳೆಯ ಸೀರೆ ಹೊದಿಸಿದ್ದರು. ನನ್ನ ಹಾಸಿಗೆ ಅಡುಗೆಮನೆಗೆ ಹೋಯಿತು, ಗ್ಯಾಸಿನ ಸಿಲಿಂಡರಿನ ಮಗ್ಗುಲಿಗೆ. ಬಚ್ಚಲಿಗೆ ಹೋಗಬೇಕಾದರೆ ಕಪಾಟಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಬೇಕು. ನಾನು ತೆಳ್ಳಗಿನ ಹೆಂಗಸಲ್ಲ. ಎರಡು ಸಲ ಸಿಕ್ಕಿಕೊಂಡೆ, ಸೊಸೆ ಬಂದು ಕೈಹಿಡಿದು ಎಳೆದಳು.

ಇಷ್ಟೆಲ್ಲ ನಡೆದದ್ದು ಮೊಮ್ಮಗಳಿಗಾಗಿ. ಲಕ್ಷ್ಮೇಶ್ವರದ ಕಾಳುಕಡಿ ವ್ಯಾಪಾರದವರು ಅವಳನ್ನು ನೋಡಲು ಬರುವವರಿದ್ದರು. ಗಂಡಿನವರು ಬರುವ ಮೊದಲು ಮನೆಗೆ ಸುಣ್ಣಬಣ್ಣ ಆಗಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಅರ್ಧ ಬಳಿದ ಮನೆಗೆ ಬೀಗರಾಗುವವರನ್ನು ಕರೆಯುವುದಿಲ್ಲ. ಗೋಡೆ ಮುಗಿಯುವ ತನಕ ಇಂಥ ದಿನ ಬನ್ನಿ ಎಂದು ಹೇಳುವಂತಿಲ್ಲ. ಬಣ್ಣ ಆರಿಸುವುದನ್ನು ಮಗ ಅವಳಿಗೇ ಬಿಟ್ಟಿದ್ದ, ಓದಿದವಳು ಎಂದು. ಅವಳು ಗದಗಿನ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ.

ಅವಳು ಬೆಳಿಗ್ಗೆ ಒಂದನ್ನು ಹೇಳುವಳು, ಕೆಲಸದಿಂದ ಬಂದು ಇನ್ನೊಂದನ್ನು ಹೇಳುವಳು. ಬಣ್ಣ ಹಚ್ಚುವವನು ಶಿರಹಟ್ಟಿಯವ, ನನ್ನ ಮಗನ ವಯಸ್ಸು. ದಿನಾ ಬಸ್ಸಿಗೆ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ.

"ಇವೆರಡಕ್ಕ ಏನ್ ಫರಕ್ ಐತೋ?" ಎಂದು ಅವನನ್ನು ಕೇಳಿದೆ.

"ಒಂದರಾಗ ಚೂರು ಹಳದಿ ಐತ್ರಿ, ಒಂದರಾಗ ಚೂರು ಕೆಂಪ ಐತ್ರಿ."

"ನಿನಗ ಕಾಣತೈತೇನು?"

"ಡಬ್ಬಿ ಮ್ಯಾಲಿನ ನಂಬರ ಕಾಣತೈತ್ರಿ ಯವ್ವಾ" ಎಂದು ನಕ್ಕ.

ಹದಿಮೂರನೆಯ ದಿನ ನನ್ನ ಸೊಂಟ ಹಿಡಿಯಿತು. ಸಾಕಾಯಿತು. ಎರಡೂ ಪಟ್ಟಿಗೆ ಹೊಸದಾಗಿ ಒಂದೊಂದು ಕೈ ಬಳಿಸಿದೆ. ಹಸಿ ಇದ್ದಾಗಲೇ ನೋಡಿ, ದಟ್ಟ ಇರುವ ಕಡೆ ಬೆರಳು ತೋರಿಸಿದೆ. "ಇದ ಹಚ್ಚು. ಈಗ ಕಪ್ಪ ಕಾಣತೈತಿ, ಒಣಗಿದರ ಬೆಳ್ಳಗ ಆಗತೈತಿ."

ಅವನು ತಲೆ ಕೆರೆದುಕೊಂಡ. "ಇದು ಸುಣ್ಣ ಅಲ್ರಿ ಯವ್ವಾ..."

"ಲೇ, ನಮ್ಮವ್ವ ಐವತ್ತು ವರ್ಷ ಗ್ವಾಡಿಗೆ ಕುಂಚ ಆಡಿಸ್ಯಾಳ. ನಿನ್ನ ಕಿಂತ ತಿಳಿತೈತಿ" ಎಂದ ಮಗ.

ಆಡಿಸಿದ್ದು ಹೌದು. ತವರು ಹಿರೇವಡ್ಡಟ್ಟಿಯಲ್ಲಿ ಇದ್ದಾಗಲೂ, ಇಲ್ಲಿಗೆ ಬಂದ ಮೇಲೂ, ಪುಂಡಿ ನಾರಿನ ಕುಂಚದಿಂದ ವರ್ಷ ವರ್ಷವೂ ಸುಣ್ಣ ಬಳಿದಿದ್ದೇನೆ. ಸುಣ್ಣ ಹಸಿಯಲ್ಲಿ ಮಂಕು, ಬಿಸಿಲು ಬಿದ್ದಂತೆ ಬೆಳ್ಳಗಾಗುತ್ತದೆ. ನಾನು ಅದೇ ಲೆಕ್ಕ ಹಿಡಿದಿದ್ದೆ. ಈ ಡಬ್ಬಿ ಬಣ್ಣದ ಗುಣ ಉಲ್ಟಾ. ಒಣಗುತ್ತ ಒಣಗುತ್ತ ಕಪ್ಪಾಯಿತು. ಪಟ್ಟಿಯಲ್ಲಿ ಹಿಟ್ಟಿನಂತಿದ್ದದ್ದು ನಾಲ್ಕೂ ಗೋಡೆಗೆ ಬಿದ್ದು, ಸಂಜೆ ಹೊತ್ತಿಗೆ ಪಡಸಾಲೆ ನೆನೆದ ಗೋಣಿಚೀಲದಂತೆ ಕಾಣುತ್ತಿತ್ತು. ಅಷ್ಟು ದೊಡ್ಡ ಕೋಣೆ ಒಮ್ಮೆಗೇ ಸಣ್ಣದಾಯಿತು.

ಮಗ ಕೂಗಾಡಿದ. ನಾನು ತಪ್ಪಾಯಿತು ಅಂದೆ, ಮತ್ತೇನು ಅನ್ನಲಿ? ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೊಮ್ಮಗಳು ಮಾತ್ರ ಅಡುಗೆಮನೆಗೆ ಬಂದು ನನಗೆ ಚಹಾ ಮಾಡಿಕೊಟ್ಟಳು, ಎರಡು ಚಮಚ ಸಕ್ಕರೆ ಹಾಕಿ. ಎಂದೂ ಹಾಕುವವಳಲ್ಲ.

"ಆಯಿ, ಛಲೋ ಮಾಡಿದಿ. ಇನ್ನೊಂದ ವಾರ ಸಿಕ್ಕಂಗಾತು."

"ಯಾತರ ವಾರ?"

ಆಗ ಹೇಳಿದಳು. ಲಕ್ಷ್ಮೇಶ್ವರದವರು ಮದುವೆಯಾದ ಮೇಲೆ ಆಸ್ಪತ್ರೆಗೆ ಹೋಗುವಂತಿಲ್ಲ, ಮನೆಯಲ್ಲಿ ಇರಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ಇವಳು ಆಗುವುದಿಲ್ಲ ಅಂದಿದ್ದಳು. ಅಪ್ಪ ಎಂಟು ದಿನ ಮಾತು ಬಿಟ್ಟ. ಅದಕ್ಕೇ ಇವಳು ಬಣ್ಣ ಆರಿಸುವ ನೆಪ ಹಿಡಿದುಕೊಂಡಳು. ಗೋಡೆ ಮುಗಿಯದಿದ್ದರೆ ಅವರು ಬರುವುದಿಲ್ಲ.

"ಗ್ವಾಡಿ ಎಷ್ಟ ದಿನ ತಡಿತೈತಿ?" ಅಂದೆ.

"ಗೊತ್ತಿಲ್ಲ ಆಯಿ. ನನಗ ಬ್ಯಾರೆ ಏನೂ ಹೊಳಿಲಿಲ್ಲ."

ನನ್ನನ್ನು ಇಲ್ಲಿಗೆ ಕೊಟ್ಟಾಗ ಯಾರೂ ಕೇಳಿರಲಿಲ್ಲ. ಗಾಡಿ ಹತ್ತು ಅಂದರು, ಹತ್ತಿದೆ. ಸತ್ತೇನೂ ಹೋಗಲಿಲ್ಲ. ಹಾಗಾಗಿ ಇವಳದು ಮೊದಲು ದೊಡ್ಡ ಕಷ್ಟ ಅನ್ನಿಸಲಿಲ್ಲ. ಆದರೆ ಹುಡುಗಿ ಒಲೆಯ ಮುಂದೆ ನಿಂತು ತೊಳೆದ ಲೋಟವನ್ನೇ ತಿರುಗಿ ತೊಳೆಯುತ್ತಿದ್ದಳು. ನಾನು ಕಪಾಟಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಎಳೆಯಲು ಯಾರೋ ಬರುತ್ತಾರೆ. ಇವಳಿಗೆ ಯಾರು?

ಮರುದಿನ ಮಗನಿಗೆ ಹೇಳಿದೆ, "ಆ ಹುಡುಗಿಗೆ ಕೆಲಸಾ ಬಿಡೋ ಮನಸಿಲ್ಲ. ಅವರಿಗೆ ಬ್ಯಾಡ ಅನ್ನು."

"ನೀ ಹೇಳಿದ್ದು ಕೇಳಿ ಪಡಸಾಲಿ ನೋಡು ಏನಾಗೈತಿ. ಸುಮ್ನ ಕುಂದ್ರಬೇ."

ಇಷ್ಟು ವರ್ಷ ನನ್ನ ಮಾತು ಆ ಮನೆಯಲ್ಲಿ ನಡೆಯುತ್ತಿತ್ತು. ಬೇಕಾದ ದಿನವೇ ನಡೆಯಲಿಲ್ಲ, ಅದೂ ನಾನೇ ಮಾಡಿದ ತಪ್ಪಿನಿಂದ. ಮಗ ಯಾರನ್ನೂ ಕೇಳದೆ ತೆಳು ಬಣ್ಣದ ಡಬ್ಬಿ ತಂದ. ಶಿರಹಟ್ಟಿಯವ ಎರಡು ದಿನ, ಎರಡು ಕೈ ಬಳಿದು ಮುಗಿಸಿದ. ನಾನು ಅಡುಗೆಮನೆಯಲ್ಲಿ ಕೂತು ಅವನ ರೋಲರು ಮೇಲೆ ಕೆಳಗೆ ಆಡುವ ಸಪ್ಪಳ ಕೇಳುತ್ತಿದ್ದೆ. ಎದ್ದು ಹೋಗಲು ಜಾಗವಿಲ್ಲ, ಹೋದರೂ ನನ್ನ ಮಾತು ಕೇಳುವವರಿಲ್ಲ. ಮೊಮ್ಮಗಳು ಡ್ಯೂಟಿಯಿಂದ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಒಂದು ಕಲೆ, ಒಂದು ಪಟ್ಟಿಯೂ ಉಳಿದಿರಲಿಲ್ಲ.

ರವಿವಾರ ಐದು ಮಂದಿ ಬಂದರು. ಹುಡುಗನ ದೊಡ್ಡಮ್ಮ ಗೋಡೆ ನೋಡಿ, "ಬಣ್ಣ ತಂಪೈತ್ರಿ" ಅಂದಳು. ಸೊಸೆ ಶಿರಾ ತಂದಿಟ್ಟಳು.

"ಹುಡುಗಿಗೆ ಮನಿ ಕೆಲಸಾ ಬೊಗಸಿ ಎಲ್ಲಾ ಬರತಾವೇನ್ರಿ?" ಎಂದು ದೊಡ್ಡಮ್ಮ ನನ್ನನ್ನೇ ಕೇಳಿದಳು. ವಯಸ್ಸಾದವಳನ್ನು ಕೇಳುವುದು ರೂಢಿ.

"ರೊಟ್ಟಿ ದಪ್ಪ ಬಡಿತಾಳ. ಸೂಜಿ ಛಲೋ ಚುಚ್ಚತಾಳ. ಆ ಕೆಲಸಾ ಬಿಡಾಂಗಿಲ್ಲ ಅಂತಾಳ. ನಡಿತೈತೇನ್ರಿ?"

ಮಗ ತಲೆ ತಗ್ಗಿಸಿದ. ದೊಡ್ಡಮ್ಮ ಹುಡುಗಿಯ ಕಡೆ ತಿರುಗಿದಳು. "ಖರೆ ಏನವ್ವಾ?"

"ಖರೆರಿ" ಅಂದಳು.

ಅವರು ಚಹಾ ಕುಡಿದು, ಶಿರಾ ಮುಟ್ಟದೆ ಎದ್ದರು. ಆ ರಾತ್ರಿ ಮಗ ನಮ್ಮಿಬ್ಬರೊಡನೆಯೂ ಊಟಕ್ಕೆ ಕೂರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಫೋನು ಬಂತು. ಮಗ ಹಿಗ್ಗಿ ಓಡಿ ಬಂದ. "ಒಪ್ಯಾರ! ಒಂದ ವರ್ಷ ಕೆಲಸಾ ಮಾಡ್ಲಿ, ಆಮ್ಯಾಲ ನೋಡೂಣು ಅಂದಾರ."

ಮೊಮ್ಮಗಳು ಡಬ್ಬಿಗೆ ರೊಟ್ಟಿ ಹಾಕುತ್ತಿದ್ದಳು. "ಆಮ್ಯಾಲ ನೋಡೋರು ಯಾರಪ್ಪಾ? ನಾನೋ, ಅವರೋ?"

ಅವನು ನನ್ನ ಕಡೆ ನೋಡಿದ.

"ನನ್ನ ಏನ್ ನೋಡ್ತಿ? ನಿನ್ನ ಕೇಳ್ಯಾಳ" ಅಂದೆ.

ಅವಳು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನ ಹೊತ್ತಾಯಿತು, ಹೋದಳು. ಮಗ ಅವತ್ತು ಲಕ್ಷ್ಮೇಶ್ವರಕ್ಕೆ ಫೋನು ಮಾಡಲಿಲ್ಲ. ಇವತ್ತಿಗೂ ಮಾಡಿಲ್ಲ. ಅವರೇ ಮಾಡಿದರೆ ಬಡಿದುಕೊಳ್ಳುವ ಫೋನನ್ನು ಕೈಯಲ್ಲಿ ಹಿಡಿದು, ಅದು ನಿಲ್ಲುವ ತನಕ ಹಾಗೇ ಕೂತಿರುತ್ತಾನೆ.