ಬೀಗರ ಊರಿನ ಮೇಸ್ತ್ರಿ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ನಾನು ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡೇ ದಾವಣಗೆರೆ ಪೇಟೆಯೆಲ್ಲ ತಿರುಗಿ ಸಕ್ಕರೆ ಹಂಚಿದೆ. ಹಗ್ಗ, ಗೋಣಿಚೀಲ ಮಾರುವ ನನ್ನ ಅಂಗಡಿಗೆ ಯಾರೇ ಬರಲಿ, ಮೊದಲು ಬಾಯಿಗೆ ಸಕ್ಕರೆ, ಆಮೇಲೆ ವ್ಯಾಪಾರ. ಗಿರಾಕಿಯೊಬ್ಬ, "ಅಜ್ಜಾರ, ನಿನ್ನೇನೂ ತಿಂದೀನ್ರಿ" ಎಂದ. "ನಿನ್ನೆದು ನಿನ್ನೆಗೆ, ಇವತ್ತಿಂದು ತಿನ್ನಪ್ಪ" ಎಂದೆ. ನಾನು ಓದಿದ್ದು ಮೂರನೇ ಕ್ಲಾಸು. ಸಂತೋಷವನ್ನು ತೂಗಿ ಖರ್ಚು ಮಾಡುವ ಪಾಠ ಅಲ್ಲಿಯವರೆಗೆ ಬಂದಿರಲಿಲ್ಲ.

ಕಷ್ಟವೇನೆಂದರೆ, ಸಂತೋಷ ಇದ್ದದ್ದು ಹರಿಹರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಸೊಸೆಯ ತವರು ಹರಿಹರ. ರೈಲು ಹತ್ತಿ ಎಲೆಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಬಂದುಬಿಡುವ ಊರು. ತೊಟ್ಟಿಲಿಗೆ ಹಾಕಿದಾಗ ಹೋಗಿ ಕಣ್ತುಂಬ ನೋಡಿ ಬಂದೆವು. ಆಮೇಲೆ? ಕಾರಣವಿಲ್ಲದೆ ಬೀಗರ ಮನೆಗೆ ಹೋಗುವುದುಂಟೆ? ಹೋದರೆ ಅವರು ಹೋಳಿಗೆ ಮಾಡಬೇಕು. ವಾರವಾರ ಹೋಳಿಗೆ ಬೇಯಿಸುವ ಬೀಗ ಯಾರಿಗೆ ಬೇಕು? ಕೂಸು ನಮ್ಮ ಮನೆಗೆ ಬರುವುದು ಐದನೇ ತಿಂಗಳಲ್ಲಿ. ಅದು ತಪ್ಪಿದರೆ ಏಳನೆಯದು. ನಾಲ್ಕು, ಆರು ಅಂತ ಸರಿಸಂಖ್ಯೆಯ ತಿಂಗಳಲ್ಲಿ ಕೂಸನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಿರುವಾಗ ಬೀಗತಿ ಒಮ್ಮೆ ನಮ್ಮ ಮನೆಗೆ ಬಂದವರು ಅಂಗಳ ನೋಡಿ ನಿಂತುಬಿಟ್ಟರು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ. ಏನೋ ಕೆಲಸ ಆಗಬೇಕಾಗಿರುವ ನೆಂಟನ ಹಾಗೆ. "ಈ ಬಿರುಕಿನಾಗೆ ಚೇಳು ಸಂಸಾರ ಮಾಡ್ತಾವ್ರೀ ಬೀಗ್ರೆ. ಕೂಸು ಅಂಬೆಗಾಲಿಡೋದು ಎಲ್ಲಿ? ಅಂಗಳ ನೆಟ್ಟಗಾಗ್ಲಿ, ಕರಕೊಂಡು ಬರ್ತೀವಿ" ಎಂದು ನಗುನಗುತ್ತಲೇ ಹೇಳಿ ಹೋದರು.

ಅಲ್ಲಿಂದ ಮೇಸ್ತ್ರಿಯ ಹುಡುಕಾಟ ಶುರುವಾಯಿತು. ಎರೆಮಣ್ಣು ಆಳಕ್ಕೆ ತೆಗೆದು, ಹದಡಿ ಊರ ಕಡೆಯಿಂದ ಕಲ್ಲುಹರಳಿನ ಗರಸು ಮಣ್ಣು ತರಿಸಿ ತುಂಬಿ, ಬಡಿದು ಗಟ್ಟಿ ಮಾಡಿ, ಮೇಲೆ ಚಪ್ಪಡಿ ಹಾಸಿ, ಅಂಚಿಗೆ ಮಲ್ಲಿಗೆಗೂ ಪತ್ರೆಗೂ ಪಾತಿ ಕಟ್ಟಬೇಕು. ನಂಬಿಕಸ್ತ ಮೇಸ್ತ್ರಿಯನ್ನು ಹುಡುಕುವುದೆಂದರೆ ವರ ಹುಡುಕಿದ ಹಾಗೆ. ಕೇಳಿದವರೆಲ್ಲ ಒಳ್ಳೆಯವನೆಂದೇ ಹೇಳುತ್ತಾರೆ. ನನ್ನ ಹೆಂಡತಿಯದು ಬೇರೆಯೇ ದಾರಿ. ಅವಳು ಮೇಸ್ತ್ರಿಯನ್ನು ಮಾತಾಡಿಸುವುದಿಲ್ಲ. ಅವನು ಹಿಂದೆ ಮಾಡಿದ ಅಂಗಳಕ್ಕೇ ಹೋಗುತ್ತಾಳೆ, ಅಲ್ಲಿಯೂ ಗಂಡಸರನ್ನು ಬಿಟ್ಟು ಕಸ ಗುಡಿಸುವ ಹೆಂಗಸನ್ನು ಕೇಳುತ್ತಾಳೆ: "ಮಳೆ ಬಂದ್ರೆ ನೀರು ಎಲ್ಲಿ ನಿಲ್ತೈತವ್ವಾ?" ಗಂಡಸು ತಾನು ಹಾಕಿಸಿದ ಕಲ್ಲನ್ನು ಹೊಗಳಿಯಾನು, ನೀರು ನಿಲ್ಲುವ ಜಾಗ ಗೊತ್ತಿರುವುದು ಪೊರಕೆ ಹಿಡಿದವಳಿಗೇ. ಈ ಒಂದು ಪ್ರಶ್ನೆಗೆ ನಮ್ಮ ಓಣಿಯ ಇಬ್ಬರು ಮೇಸ್ತ್ರಿಗಳು ಬಿದ್ದುಹೋದರು.

ಮೂರನೆಯವನು ಹಾಲೇಶಪ್ಪ. ಬೀಗರೇ ಹೇಳಿ ಕಳಿಸಿದ ಮನುಷ್ಯ, ಹರಿಹರದಲ್ಲಿ ಅವರ ಮನೆಯ ಪಕ್ಕದಲ್ಲೇ ವಾಸ. ಅವನು ಮಾಡಿದ ಅಂಗಳ ನೋಡಲು ಹರಿಹರಕ್ಕೆ ಹೋದೆವು. ಕಾರಣ ಸಿಕ್ಕಿತಲ್ಲ, ಕೂಸನ್ನೂ ಎತ್ತಿಕೊಂಡೆ, ಹೋಳಿಗೆಯನ್ನೂ ತಿಂದೆ. ಅಂಗಳದ ಮನೆಯಾಕೆ, "ನೀರು ಎಲ್ಲೂ ನಿಲ್ಲಲ್ರಿ. ಮಾತು ಸ್ವಲ್ಪ ಜಾಸ್ತಿ" ಎಂದಳು. ನನ್ನ ಹೆಂಡತಿ ನೀರಿನ ಮಾತು ಹಿಡಿದುಕೊಂಡಳು. ನನಗೆ ಆ ಮಾತು ಜಾಸ್ತಿ ಎಂಬುದೇ ಹಿತವಾಗಿ ಕೇಳಿಸಿತು.

ಕೆಲಸ ಅವನಿಗೇ ಕೊಟ್ಟೆವು. ಅವನು ಬೆಳಗಿನ ರೈಲಿಗೆ ಬಂದು ಇಳಿಯುವುದನ್ನೇ ನಾನು ಬಾಗಿಲಲ್ಲಿ ನಿಂತು ಕಾಯತೊಡಗಿದೆ. "ಅಜ್ಜಾರ, ಕೂಸು ನಿನ್ನೆ ಬೋರಲು ಬಿತ್ರಿ!" ಎನ್ನುತ್ತಿದ್ದ. "ಕೂಡು, ಚಾ ಕುಡಿ, ಯಾವ ಮಗ್ಗಲಿಗೆ ಹೊರಳಿತು ಹೇಳು" ಎನ್ನುತ್ತಿದ್ದೆ. ಮರುದಿನ, "ಗಿಲಕಿ ಹಿಡೀತ್ರಿ!" ಇನ್ನೊಂದು ಚಾ. ಗುದ್ದಲಿ ಗೋಡೆಗೊರಗಿ ನಮ್ಮಿಬ್ಬರ ಮಾತು ಕೇಳುತ್ತಿತ್ತು.

"ನಿಮಗೆ ಬೇಕಾಗಿದ್ದು ಮೇಸ್ತ್ರಿನೋ ಟಪಾಲಿನವನೋ?" ಎಂದಳು ಹೆಂಡತಿ.

ಐದನೇ ತಿಂಗಳು ಬಂದಾಗ ಅಂಗಳ ಬರೀ ಗುಂಡಿ. ಬೈಯೋಣವೆಂದರೆ ಬೀಗರ ಕಡೆಯ ಮೇಸ್ತ್ರಿ! ಬೆಳಗ್ಗೆ ಆಡಿದ ಮಾತು ಸಂಜೆ ಹರಿಹರ ಸೇರಿ ಸೊಸೆಯ ತಲೆಯ ಮೇಲೆ ಕೂರುತ್ತದೆ. ಬೀಗರ ಮನೆಯ ಸಾರು ಉಪ್ಪಾದರೂ ಹದವಾಗಿದೆ ಎನ್ನುವವರು ನಾವು. ಕೂಸು ಬರಲಿಲ್ಲ. ಅದಕ್ಕೆಂದು ಮನೆಯಲ್ಲಿ ತಂದಿಟ್ಟ ಹೊಸ ತೊಟ್ಟಿಲ ಹಗ್ಗ ನಾನೇ ಹೊಸೆದದ್ದು. ಗುಂಡಿಯ ಅಂಚಿನಲ್ಲಿ ಕೂತು ಅದನ್ನು ಬಿಚ್ಚಿ ಮತ್ತೆ ಹೊಸೆದೆ. ಹಗ್ಗದಲ್ಲಿ ಏನೂ ತಪ್ಪಿರಲಿಲ್ಲ.

ಮರುದಿನ, "ಇನ್ನು ಸುದ್ದಿ ಬ್ಯಾಡಪ್ಪ, ಕೆಲಸ ಮಾಡು" ಎಂದೆ. ಅವನು ಬಾಯಿ ಮುಚ್ಚಿಕೊಂಡು ಮಾಡಿದ. ಗರಸು ಬಿತ್ತು, ಚಪ್ಪಡಿ ಕೂತವು. ಸುದ್ದಿಯಿಲ್ಲದ ದಿನಗಳು ಉಪ್ಪಿಲ್ಲದ ಊಟದಂತಾದವು. ಕೊನೆಗೊಂದು ದಿನ ಅವನೇ ಕರಣೆ ಕೆಳಗಿಟ್ಟು, "ಅಜ್ಜಾರ, ಕೂಸಿಗೆ ಹಲ್ಲು ಬಂತ್ರೀ!" ಎಂದ. ನಾನು ಮತ್ತೆ ಪೇಟೆಗೆ ಓಡಿದೆ. ಮತ್ತೆ ಸಕ್ಕರೆ.

ಏಳನೇ ತಿಂಗಳಲ್ಲಿ ಕೂಸು ಬಂತು. ಆರತಿ ಮುಗಿದದ್ದೇ ತಡ, ಬೆರಳು ತೊಳೆದುಕೊಂಡು ಅದರ ಬಾಯೊಳಗಿಟ್ಟೆ. ಬೆಣ್ಣೆಯಂಥ ವಸಡು. ಈ ಮೂಲೆ ಇಲ್ಲ, ಆ ಮೂಲೆ ಇಲ್ಲ. ಪಾತಿಗೆ ನೀರು ಹಾಕುತ್ತಿದ್ದ ಮೇಸ್ತ್ರಿಯ ಕಡೆ ತಿರುಗಿದೆ. "ಏನಪ್ಪಾ ಹಾಲೇಶಪ್ಪ, ಹಲ್ಲು ರೈಲಿನಾಗೆ ಬಿಟ್ಟು ಬಂತೇನು?"

ಅವನು ತಲೆ ತಗ್ಗಿಸಿದ. "ಅವತ್ತು ನಿಮ್ಮ ಬಾಡಿದ ಮುಖ ನೋಡಾಕೆ ಆಗ್ಲಿಲ್ರಿ."

ನನ್ನ ಹೆಂಡತಿ ಒಂದು ಕೊಡ ನೀರು ತಂದು ಅಂಗಳಕ್ಕೆ ಸುರಿದಳು. ನೀರು ಎಲ್ಲಿಯೂ ನಿಲ್ಲದೆ ಸರಸರನೆ ಹರಿದು ಮಲ್ಲಿಗೆಯ ಪಾತಿ ಸೇರಿತು. ಕಲ್ಲಿನಲ್ಲಿ ಇವನು ಸುಳ್ಳಾಡಿಲ್ಲ. ಬಾಯಿಯಲ್ಲಿ ಆಡಿದ, ಅದೂ ನನಗಾಗಿ. ಮುಂದೆ ಹಲ್ಲು ಬಂದದ್ದು ನಮ್ಮ ಮನೆಯಲ್ಲಿ, ನನ್ನ ಬೆರಳಿಗೇ ಮೊದಲು ತಾಗಿತು. ಮೇಸ್ತ್ರಿಯ ಮಾತು ನಿಜವಾಗಿದ್ದರೆ ಆ ಭಾಗ್ಯ ಬೀಗರ ಪಾಲಾಗುತ್ತಿತ್ತು!

ಸ್ವಲ್ಪ ದಿನ ಕಳೆದು, ಅಂಚಿನ ಕಲ್ಲೊಂದು ಕದಲಿತೆಂದು ಅವನನ್ನು ಕರೆಸಿದೆ. ಕೆಲಸ ಮಾಡುತ್ತ ಅವನು, "ನಿಮ್ಮ ಬೀಗ್ರು ದಿನಾ ಸಂಜೀಕೆ ನಮ್ಮ ಬಾಗಿಲಿಗೆ ಬಂದು ನಿಲ್ತಾರ್ರಿ. ದಾವಣಗೆರೆ ಕಡೆ ಹೋಗಿದ್ದೇನು, ಕೂಸು ಕಂಡ್ಯೇನು ಅಂತಾರೆ" ಎಂದ.

ಹಾಗೆ ಬಾಗಿಲಲ್ಲಿ ನಿಂತು ಕಾಯುವುದು ನನಗೆ ಗೊತ್ತಿತ್ತು. "ರೈಲಿನ ಸಿಳ್ಳು ಕೇಳಿದ್ರೆ ಕೂಸು ಹರಿಹರದ ಕಡೆ ತಿರುಗಿ ನೋಡ್ತೈತೆ ಅಂತ ಹೇಳು" ಎಂದೆ.

ಅವನು ಕೂಸಿನ ಕಡೆ ನೋಡಿದ. ಅಷ್ಟರಲ್ಲಿ ರೈಲು ಸಿಳ್ಳು ಹಾಕಿತು. ಕೂಸು ಚಪ್ಪಡಿಯ ಮೇಲೆ ಕೂತು ನನ್ನ ಚಪ್ಪಲಿ ಚೀಪುವುದರಲ್ಲಿ ಮುಳುಗಿತ್ತು, ತಲೆಯೆತ್ತಲಿಲ್ಲ. "ಹೌದೇನ್ರಿ?" ಎಂದ ಮೇಸ್ತ್ರಿ.

"ಹೌದು. ಮತ್ತೆ, ಬಾಗಿಲ ಹತ್ರ ಇನ್ನೊಂದು ಕಲ್ಲೂ ಅಲುಗಾಡ್ತೈತೆ. ನಾಡಿದ್ದು ಬಂದು ನೋಡು" ಎಂದೆ. ಮೇಸ್ತ್ರಿ ಹೋಗಿ ಆ ಕಲ್ಲಿನ ಮೇಲೆ ಎರಡೂ ಕಾಲಿಟ್ಟು ನಿಂತ. ಅದು ಬೆಟ್ಟದ ಹಾಗಿತ್ತು. "ಹೌದ್ರಿ ಅಜ್ಜಾರ, ಅಲುಗಾಡ್ತೈತೆ. ನಾಡಿದ್ದು ಬರ್ತೀನಿ" ಎಂದ.