ಅಜ್ಜಿಯ ಪಾವು, ಮೇಲೊಂದು ಕೊಸರು

ಆಗ ಮಾನ್ವಿಯಲ್ಲಿ ಹಾಲು ಬೇಕೆಂದರೆ ಪಾತ್ರೆ ಹಿಡಿದು ಎಮ್ಮೆ ಕಟ್ಟಿದವರ ಮನೆಗೆ ಹೋಗಬೇಕಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಓಣಿಗೆಲ್ಲ ಹಾಲು ಹಾಕುತ್ತಿದ್ದವಳು ನನ್ನ ಅಜ್ಜಿ. ಭತ್ತದ ಹುಲ್ಲಿನ ವಾಸನೆ, ಕುಳ್ಳಿನ ಹೊಗೆ, ಕಾಲುವೆಯಲ್ಲಿ ಮಿಂದು ಬಂದ ಎಮ್ಮೆಗಳ ಉಸಿರು, ಇವುಗಳ ನಡುವೆ ಕಾಲು ಚಾಚಿ ಅಜ್ಜಿ ಕೂತಿರುತ್ತಿದ್ದಳು. ನನಗೆ ಬಿಸಿ ರೊಟ್ಟಿಯ ಮೇಲೆ ಕೆನೆ, ಕೆನೆಯ ಮೇಲೆ ಸಕ್ಕರೆ. ಈಗಿನ ಮಕ್ಕಳು ಕೆನೆ ಕಂಡರೆ ಮುಖ ಸಿಂಡರಿಸುತ್ತವೆ. ಅವುಗಳ ಕರ್ಮ, ನಾನೇನು ಮಾಡಲಿ.

ಅಜ್ಜಿ ಅಳೆಯುತ್ತಿದ್ದದ್ದು ಹಿತ್ತಾಳೆಯ ಪಾವಿನಿಂದ. ನಾಲ್ಕು ಪಾವು ಸೇರಿದರೆ ಒಂದು ಸೇರು. ಸೇರು ಹೋಗಿ ಲೀಟರ್ ಬಂದು ಎಷ್ಟೋ ವರ್ಷವಾಗಿತ್ತು. ಜನ ಬಾಯಲ್ಲಿ ಲೀಟರ್ ಎನ್ನುತ್ತಿದ್ದರು, ಅಜ್ಜಿ ಅದೇ ನಾಲ್ಕು ಪಾವು ಹಾಕುತ್ತಿದ್ದಳು. ಹೆಸರು ಬದಲಾಗಿದೆ, ಅಳತೆ ಅದೇ ಎಂದು ಅವಳೂ ನಂಬಿದ್ದಳು, ಓಣಿಯೂ ನಂಬಿತ್ತು. ನಾಲ್ಕನೆಯ ಪಾವು ಬಿದ್ದ ಮೇಲೂ ಯಾರೂ ಪಾತ್ರೆ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಅಜ್ಜಿ ಗಡಿಗೆಯಿಂದ ಇನ್ನೊಂದಿಷ್ಟು ಎತ್ತಿ ಸುರಿಯುತ್ತಿದ್ದಳು. ಅದು ಕೊಸರು. ಕೂಸಿದ್ದ ಮನೆಗೆ ತುಸು ಜಾಸ್ತಿ, ಹಬ್ಬವಿದ್ದ ಮನೆಗೆ ಇನ್ನೂ ಜಾಸ್ತಿ.

ನಾಲ್ಕನೆಯ ಕ್ಲಾಸಿನಲ್ಲಿ ಮಾಸ್ತರರು ಅಳತೆಯ ಪಾಠ ತೆಗೆದರು. “ನಾಳಿ ಎಲ್ಲಾರೂ ಮನ್ಯಾಗಿನ ಅಳತಿ ಸಾಮಾನು ತರ್ರಿ,” ಎಂದರು. ನಾನು ಅಜ್ಜಿಯನ್ನು ಕೇಳಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಾವನ್ನು ಬಲು ಜಂಬದಿಂದ ಒಯ್ದೆ. ಅಂಗಳದಲ್ಲಿ ನೀರಿನ ಆಟವೋ ಆಟ. ಲಂಗ ಎಲ್ಲ ಒದ್ದೆ. ನನ್ನ ಸರದಿ ಬಂದಾಗ ನಾಲ್ಕು ಪಾವು ನೀರನ್ನು ಸಾಲೆಯ ಲೀಟರಿಗೆ ಸುರಿದೆ. ತುಂಬಲಿಲ್ಲ. ಮೇಲೆ ಒಂದು ಬೆರಳಷ್ಟು ಖಾಲಿ ಉಳಿಯಿತು.

“ಸೇರು ಲೀಟರಿಗಿಂತ ತುಸು ಸಣ್ಣದು, ಅಷ್ಟ,” ಎಂದರು ಮಾಸ್ತರರು, ಸಮಾಧಾನವಾಗಿಯೇ. ಆದರೆ ನಮ್ಮ ಮನೆಯ ಹಾಲು ಕುಡಿದೇ ಬೆಳೆದ, ನನ್ನ ಜತೆ ಓದುತ್ತಿದ್ದ ಗಿರಿಜೆಯ ಕಿವಿಗೆ ಬಿದ್ದದ್ದು ಕಡಿಮಿ ಎನ್ನುವುದೊಂದೇ.

ಸಂಜೆ ಹಾಲಿನ ಹೊತ್ತಿಗೆ ಅವಳ ಅವ್ವ ಬಂದಳು. ಅಂಗಳದ ತುಂಬ ಜನ. “ಯವ್ವಾ, ನಿನ್ನ ಮೊಮ್ಮಗಳೇ ಸಾಲ್ಯಾಗ ತೋರಿಸ್ಯಾಳಂತ. ಲೀಟರ್ ಅಂತ ಹೇಳಿ ಕಡಿಮಿ ಹಾಕಾಕತ್ತೀಯಲ್ಲ,” ಎಂದಳು.

ಅಜ್ಜಿಯನ್ನು ಕಳ್ಳಿ ಎನ್ನುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ಪಾವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನಾ ಕಡಿಮಿ ಹಾಕೀನೇನು?” ಎಂದು ಎಲ್ಲರನ್ನೂ ಕೇಳಿದಳು. ಎಲ್ಲರೂ ತಂತಮ್ಮ ಪಾತ್ರೆ ನೋಡಿಕೊಂಡರು.

ಆಗ ಮುಂದೆ ಬಂದವಳು ಮಗ್ಗುಲ ಮನೆಯ ಹಸೀನಾ ಖಾಲಾ. ಅವಳ ಗಂಡನದು ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿ. “ಸಾಲಿಗೆ ಪಾವು ಹೋಗಿತ್ತು. ಅಮ್ಮನ ಕೈ ಹೋಗಿತ್ತೇನು?” ಎಂದು ಕೇಳಿ, ಅಂಗಡಿಯಿಂದ ಲೀಟರ್ ತಂದು ಅಜ್ಜಿಯ ಮುಂದಿಟ್ಟಳು. “ಹಾಕ್ರಿ ಅಮ್ಮಾ. ದಿನಾ ಹೆಂಗ ಹಾಕ್ತೀರಿ, ಹಂಗ.”

ಅಜ್ಜಿ ನಾಲ್ಕು ಪಾವು ಹಾಕಿದಳು. ಬೆರಳಷ್ಟು ಖಾಲಿ. ಆಮೇಲೆ ರೂಢಿಯಂತೆ ಕೊಸರು ಸುರಿದಳು. ಲೀಟರ್ ತುಂಬಿ ಹಾಲು ನೆಲಕ್ಕೆ ಚೆಲ್ಲಿತು. ಜನ ನಕ್ಕರು. ಗಿರಿಜೆಯ ಅವ್ವ, “ನಂಗೇನ್ ಗೊತ್ತರೀ,” ಎಂದು ಮುಖ ತಗ್ಗಿಸಿ ಪಾತ್ರೆ ಒಡ್ಡಿದಳು. ನಾನಂತೂ ಕುಣಿದಾಡಿದೆ. ಗೆದ್ದೆವು ಎಂದುಕೊಂಡೆ.

ಅಜ್ಜಿ ನಗಲಿಲ್ಲ. ಮರುದಿನವೇ ಕಾಕಾನನ್ನು ರಾಯಚೂರಿನ ಬಸ್ಸು ಹತ್ತಿಸಿ, ಸರ್ಕಾರಿ ಮುದ್ರೆಯ ಲೀಟರ್ ತರಿಸಿದಳು. ಹಿತ್ತಾಳೆಯ ಪಾವು ಗೋಡೆಯ ಗೂಡು ಸೇರಿತು.

ಹೊಸ ಲೀಟರಿನ ಮೊದಲ ಬೆಳಗ್ಗೆ ಮೊದಲು ಬಂದವಳು ಖಾಲಾನೇ. ಅಜ್ಜಿ ಲೀಟರನ್ನು ಅಂಚಿನವರೆಗೆ ತುಂಬಿ, ಒಂದು ಹನಿ ಚೆಲ್ಲದಂತೆ ಸುರಿದು, ಗಡಿಗೆಗೆ ಮುಚ್ಚಳ ಹಾಕಿದಳು. ಖಾಲಾಳ ಪಾತ್ರೆ ಚಾಚಿದಂತೆಯೇ ಇತ್ತು.

“ಆತ್ ಬೇ. ಪೂರಾ ಲೀಟರ್ ಅದ.”

“ಕೊಸರು, ಅಮ್ಮಾ?”

“ಇನ್ಮ್ಯಾಲೆ ಕೊಸರು ಹಾಕಿದ್ರ, ಮುದುಕಿ ಕದ್ದದ್ದು ತೀರಸಾಕತ್ತಾಳ ಅಂತಾರ. ಬ್ಯಾಡ.”

ಖಾಲಾ ಪಾತ್ರೆಗೆ ಸೆರಗು ಮುಚ್ಚಿಕೊಂಡು ಹೋದಳು. ಎಮ್ಮೆಗಳನ್ನು ಮಾರುವವರೆಗೂ ಅಜ್ಜಿ ಮತ್ತೆ ಕೊಸರು ಹಾಕಲಿಲ್ಲ. ಕೈ ಮಾತ್ರ ಕೇಳುತ್ತಿರಲಿಲ್ಲ. ಲೀಟರ್ ಸುರಿದಾದ ಮೇಲೆ ತಾನಾಗಿ ಗಡಿಗೆಯತ್ತ ಹೋಗುತ್ತಿತ್ತು, ಅವಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನೋಡಿದರೆ ನನಗೆ ಅಳು ಬರುತ್ತಿತ್ತು. ಅವಳು ಗೆದ್ದಿದ್ದಳಲ್ಲ, ಆದರೂ ಸೋತವಳ ಹಾಗೆ ಯಾಕೆ ಕೂತಿರುತ್ತಾಳೆ ಎಂಬುದು ಆ ವಯಸ್ಸಿಗೆ ತಿಳಿಯಲಿಲ್ಲ.

ಈಗ ನಾನಿರುವುದು ರಾಯಚೂರಿನಲ್ಲಿ. ಬೆಳಗಾದರೆ ಗೇಟಿಗೆ ಹಾಲಿನ ಪ್ಯಾಕೆಟ್ಟು ಬಂದು ಬೀಳುತ್ತದೆ. ಹಾಕಿದವನ ಮುಖ ನಾನು ನೋಡಿಲ್ಲ, ನನ್ನ ಮುಖ ಅವನು ನೋಡಿಲ್ಲ. ಅಳತೆ ಸರಿಯಾಗಿಯೇ ಇರುತ್ತದೆ, ದೂರು ಹೇಳಿದರೆ ಸುಳ್ಳಾದೀತು.

ಮೊನ್ನೆ ಪ್ಯಾಕೆಟ್ಟು ಕತ್ತರಿಸುತ್ತಾ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಜಾಣೆ, ಗಮನವಿಟ್ಟು ಕೇಳಿದಳು.

“ಕೊಸರು ಅಂದ್ರ ಎಷ್ಟು ಎಂಎಲ್, ಅಜ್ಜಿ?” ಎಂದಳು.

ನಾನು ಅವಳ ಲೋಟಕ್ಕೆ ಹಾಲು ತುಂಬಿ, ಮೇಲೆ ಇನ್ನೊಂದಿಷ್ಟು ಸುರಿದೆ.